ಮೂರನೆಯ ಸಾಲಿನಲ್ಲಿ ಕೂತವರು



ಮನೆಯಲ್ಲಿ ಏಳು ಜನ. ಬಾಗಿಲಲ್ಲಿ ಇರುವುದು ಒಂದು ಸಣ್ಣ ಕಾರು. ಎಲ್ಲರೂ ಒಟ್ಟಿಗೆ ಧರ್ಮಸ್ಥಳಕ್ಕೆ ಹೋಗಿಬರೋಣವೆಂದು ಹಿರಿಯರು ಹೇಳಿದರೆ ಏನು ಮಾಡುತ್ತೀರಿ? ಹಿಂದೆಲ್ಲ ಒಂದು ಟ್ಯಾಕ್ಸಿ ಗೊತ್ತುಮಾಡುತ್ತಿದ್ದೆವು. ಈಗ ಇನ್ನೊಂದು ದಾರಿಯೂ ಇದೆ. ಮೂರು ಸಾಲು ಸೀಟುಗಳಿರುವ ದೊಡ್ಡ ಎಸ್.ಯು.ವಿ. ಒಂದನ್ನು ಬಾಡಿಗೆಗೆ ತಂದು ನಾವೇ ಓಡಿಸಬಹುದು. ಕಳೆದ ವರ್ಷ ಏಪ್ರಿಲ್ ಕೊನೆಯ ವಾರದಲ್ಲಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ, ನಾನು ಹಾಗೆಯೇ ಮಾಡಿದೆ. ಆ ಪ್ರಯಾಣದಲ್ಲಿ ನಾನು ಮಾಡಿದ ಒಂದು ತಪ್ಪನ್ನು ತಮ್ಮ ಮುಂದೆ ಇಡುತ್ತೇನೆ. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ಹಾಗಿದ್ದೂ ಆ ತಪ್ಪು ಮಾಡಿದೆ ಎಂಬುದು ನನಗೆ ಇನ್ನೂ ನಾಚಿಕೆ ತರುವ ಸಂಗತಿ.

ಮೂರು ಸಾಲಿನ ವಾಹನ ನಮಗೆ ಹೊಸದೇನೂ ಅಲ್ಲ. 1994ರಲ್ಲಿ ಟಾಟಾ ಸುಮೋ ಬಂತು. 2000ದಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದಲೇ ಟೊಯೊಟಾ ಕ್ವಾಲಿಸ್ ಹೊರಬಂತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಮದುವೆ, ಮುಂಜಿ, ತೀರ್ಥಯಾತ್ರೆ ಎಂದು ಈ ವಾಹನಗಳಲ್ಲಿ ಕೂರದ ಕುಟುಂಬವೇ ಇಲ್ಲ ಎನ್ನಬಹುದು. ಆದರೆ ಅವನ್ನು ಓಡಿಸುತ್ತಿದ್ದವನು ವೃತ್ತಿನಿರತ ಚಾಲಕ. ಆ ಗಾಡಿಯ ಒಂದೊಂದು ಸದ್ದೂ ಅವನಿಗೆ ಪರಿಚಿತ. ಹಿಂದೆ ಕೂತವರಿಗೆ ಎಲ್ಲಿ ಹೊಟ್ಟೆ ತೊಳಸುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದೂ ಅವನಿಗೆ ತಿಳಿದಿರುತ್ತಿತ್ತು.

ನಾವೇ ಓಡಿಸುವ ಬಾಡಿಗೆ ಕಾರಿಗೆ 1989ರ ‘ರೆಂಟ್ ಎ ಕ್ಯಾಬ್’ ಯೋಜನೆಯಲ್ಲಿ ಅವಕಾಶವಿದೆ. ಟ್ಯಾಕ್ಸಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರಗಳಿದ್ದರೆ, ಇದಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳು. ಬಿಳಿ ಫಲಕದ ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಕೊಡುವುದು ನಿಯಮಕ್ಕೆ ವಿರುದ್ಧ. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕಾಗುತ್ತದೆ. ಬಾಡಿಗೆಗೆ ಪಡೆಯುವವರು ಮೊದಲು ಈ ಫಲಕವನ್ನು ನೋಡಿಕೊಳ್ಳುವುದು ಒಳ್ಳೆಯದು.

ಕಾರನ್ನು ತಂದುಕೊಟ್ಟ ಹುಡುಗ ಬಹಳ ಶಿಸ್ತಿನವನು. ಬಾಗಿಲ ಮೇಲಿನ ಗೀರು, ಬಂಪರಿನ ತರಚು, ಚಕ್ರದ ಅಂಚಿನ ಕಲೆ ಎಲ್ಲವನ್ನೂ ತೋರಿಸಿದ. ಡೀಸೆಲ್ ಎಷ್ಟಿದೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಬರೆಸಿಕೊಂಡ. ನನ್ನ ಹೆಂಡತಿಯೂ ಓಡಿಸಬಹುದೆಂದು ಕರಾರಿನಲ್ಲಿ ಅವಳ ಹೆಸರನ್ನು ಸೇರಿಸಿದ. ಸಹಿ ಹಾಕಿಸಿಕೊಂಡು ಹೊರಟುಹೋದ. ಕಾರಿನ ಗೀರುಗಳೆಲ್ಲ ನನಗೆ ಗೊತ್ತಾದವು, ಆದರೆ ಅದರ ಸ್ವಿಚ್ಚುಗಳು ಗೊತ್ತಾಗಲಿಲ್ಲ. ನಾನೂ ಕೇಳಲಿಲ್ಲ.

ಆ ರಾತ್ರಿ ಅರ್ಧ ಗಂಟೆ ಕಾರಿನಲ್ಲಿ ಕೂತು ಒಂದೊಂದಾಗಿ ಒತ್ತಿ ನೋಡಿದೆ. ಮುಂದಿನ ಸೀಟಿನೊಳಗಿಂದಲೇ ಬೆನ್ನಿಗೆ ತಂಗಾಳಿ ಬರುತ್ತದೆ. ಮಾಡಿನ ಗಾಜು ಸರಿದು ಆಕಾಶ ಕಾಣುತ್ತದೆ. ಮುಂದಿನ ವಾಹನಕ್ಕೂ ನಮಗೂ ಇರುವ ಅಂತರವನ್ನು ರಾಡಾರ್ ಅಳೆಯುತ್ತದೆ. ಹನ್ನೆರಡು ವರ್ಷದ ನನ್ನ ಹಳೆಯ ಕಾರಿಗೆ ಹೋಲಿಸಿದರೆ ಇದು ವಿಮಾನವೇ ಸರಿ. ಆ ಅರ್ಧ ಗಂಟೆಯಲ್ಲಿ ನಾನು ಒಮ್ಮೆಯೂ ಮೂರನೆಯ ಸಾಲಿಗೆ ಹೋಗಿ ಕೂರಲಿಲ್ಲ.

ಬೆಳಿಗ್ಗೆ ಐದೂವರೆಗೆ ಹೊರಟೆವು. ಮಂಡಿನೋವಿನ ಅಪ್ಪ ಮುಂದಿನ ಸೀಟಿನಲ್ಲಿ. ನಡುವಿನ ಸಾಲಿನಲ್ಲಿ ಹೆಂಡತಿ, ಅಕ್ಕ ಮತ್ತು ಮಗ. ಹಿಂದೆ ಯಾರು ಎಂಬ ಮಾತು ಬಂದಾಗ ಅಮ್ಮ ಯಾರನ್ನೂ ಕೇಳದೆ, “ನಾನು ಹಿಂದೆ ಕೂತ್ಕೋತೀನಿ ಕಣೋ. ನಂಗೇನು ಜಾಗ ಬೇಕು?” ಎಂದು ಬಗ್ಗಿ ಒಳಗೆ ಹೋದರು. ಅವರಿಗೆ ಎಪ್ಪತ್ತೊಂದು ವರ್ಷ. ಹನ್ನೊಂದು ವರ್ಷದ ಮಗಳು ಅಜ್ಜಿಯ ಜೊತೆಗೆ ಹೋದಳು. ಕುಣಿಗಲ್ ಬರುವ ಹೊತ್ತಿಗೆ ಅವಳು ಕಿವಿಯಲ್ಲಿ ಹಾಡು ಇಟ್ಟುಕೊಂಡು ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಇಬ್ಬರೂ ಸೀಟ್‌ಬೆಲ್ಟ್ ಕಟ್ಟಿರಲಿಲ್ಲ. ಬೆಲ್ಟು ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಯಾರೂ ಅದನ್ನು ಹುಡುಕಲಿಲ್ಲ.

ಇಂಥ ಕಾರು ಓಡಿಸುವುದು ಸುಖ. ಅಪಾಯ ಇರುವುದೂ ಆ ಸುಖದಲ್ಲೇ. ಹಳೆಯ ಕಾರಿನಲ್ಲಿ ವೇಗ ಹೆಚ್ಚಾದರೆ ಗಾಳಿ ಶಿಳ್ಳೆ ಹಾಕುತ್ತದೆ, ಸ್ಟೀರಿಂಗ್ ನಡುಗುತ್ತದೆ, ಇಂಜಿನ್ ಗುಡುಗುತ್ತದೆ. ಇಲ್ಲಿ ಅದು ಯಾವುದೂ ಇಲ್ಲ. ಎಪ್ಪತ್ತರಲ್ಲಿ ಹೋಗುತ್ತಿದ್ದೇನೆ ಎಂದು ಭಾವಿಸಿ ನೋಡಿದರೆ ಮುಳ್ಳು ನೂರರಲ್ಲಿ ಇತ್ತು. 2019ರ ಜುಲೈನಿಂದ ತಯಾರಾದ ಕಾರುಗಳು 80 ದಾಟಿದರೆ ಪೀಂ ಎಂದು ಎಚ್ಚರಿಸುತ್ತವೆ. ಆ ಸದ್ದಿಗೂ ನನ್ನ ಕಿವಿ ಹತ್ತೇ ನಿಮಿಷದಲ್ಲಿ ಒಗ್ಗಿಹೋಗಿತ್ತು.

ಚನ್ನರಾಯಪಟ್ಟಣ ದಾಟಿದ ಮೇಲೆ ಪಕ್ಕದ ದಾರಿಯಿಂದ ಒಂದು ಟ್ರ್ಯಾಕ್ಟರ್ ಹೆದ್ದಾರಿಗೆ ನುಗ್ಗಿತು. ಬ್ರೇಕನ್ನು ಬಲವಾಗಿ ಒತ್ತಿದೆ. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಣ ರಸ್ತೆಯ ಮೇಲೆ ಬಲವಾಗಿ ಬ್ರೇಕು ಹಾಕಿದರೆ ಕಾರು ನಿಲ್ಲಲು ಸುಮಾರು 35 ಮೀಟರ್ ಬೇಕು. 100ರಲ್ಲಾದರೆ 55 ಮೀಟರ್. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡನ್ನೂ ಸೇರಿಸಿದರೆ 80ರಲ್ಲಿ 57 ಮೀಟರ್, 100ರಲ್ಲಿ 83 ಮೀಟರ್. ವೇಗ ಕಾಲುಭಾಗ ಹೆಚ್ಚಿತು, ನಿಲ್ಲುವ ದೂರ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚಿತು. ನಮ್ಮ ಪುಣ್ಯ, ದೂರ ಸಾಕಾಯಿತು. ಕಾರು ಅತ್ತಿತ್ತ ಜಾರದೆ ನಿಂತಿತು. ನಾನು “ಎಲ್ಲ ಸರಿ ಇದ್ದೀರಾ?” ಎಂದು ಕೂಗಿದೆ. “ಸರಿ ಇದ್ದೀವಿ” ಎಂದು ಉತ್ತರ ಬಂತು. ಎಂಥ ಬ್ರೇಕು ಎಂದು ಅಪ್ಪನೊಡನೆ ಹೊಗಳಿಕೊಂಡು ಮುಂದೆ ಹೋದೆ. ಉತ್ತರ ಕೊಟ್ಟವರು ನಡುವಿನ ಸಾಲಿನವರು ಮಾತ್ರ ಎಂಬುದನ್ನು ನಾನು ಗಮನಿಸಲಿಲ್ಲ.

ಹಾಸನದಲ್ಲಿ ತಿಂಡಿಗೆ ನಿಂತಾಗ ಅಮ್ಮ ಇಳಿಯಲಿಲ್ಲ. “ಹಸಿವಿಲ್ಲ, ನೀವು ತಿಂದು ಬನ್ನಿ” ಎಂದರು. ಹೆಂಡತಿ ಇಡ್ಲಿಯ ಪೊಟ್ಟಣ ಕೊಟ್ಟು ಬಂದಳು. ಬೇಲೂರು, ಮೂಡಿಗೆರೆ ದಾಟಿದೆವು. ಬಿಸಿಲೇರಿತು. ನನ್ನ ಬೆನ್ನಿಗೆ ತಂಗಾಳಿ ಬೀಸುತ್ತಲೇ ಇತ್ತು.

ಕೊಟ್ಟಿಗೆಹಾರ ನೀರುದೋಸೆಗೆ ಹೆಸರಾದ ಊರು. ಅಲ್ಲಿ ಎಲ್ಲರನ್ನೂ ಒತ್ತಾಯದಿಂದ ಇಳಿಸಿದೆವು. ಅಮ್ಮ ನಡುವಿನ ಸೀಟು ಹಿಡಿದುಕೊಂಡು ಇಳಿದವರು ರಸ್ತೆಯ ಪಕ್ಕದಲ್ಲೇ ಕೂತುಬಿಟ್ಟರು. ಮುಖ ಬಿಳಿಚಿತ್ತು, ಸೀರೆಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು. ಹಣೆಯ ಮೇಲೆ ಅಡಿಕೆಯಷ್ಟು ದಪ್ಪದ ಊತ. ನೀರಿನ ಬಾಟಲಿ ಹೊರಟಾಗ ಹೇಗಿತ್ತೋ ಹಾಗೆಯೇ ಇತ್ತು.

ಒಂದೊಂದಾಗಿ ಕೇಳಿ ತಿಳಿದೆವು. ಹತ್ತಿ ಇಳಿಯುವುದು ಕಷ್ಟವೆಂದು, ನಡುವಿನವರನ್ನೆಲ್ಲ ಎಬ್ಬಿಸಬೇಕೆಂದು ಅವರು ನೀರೇ ಕುಡಿದಿರಲಿಲ್ಲ. ಹಿಂದಿನ ಸಾಲಿನ ಎ.ಸಿ.ಗೆ ಬೇರೆಯೇ ಸ್ವಿಚ್ಚು ಇತ್ತು. ಅದನ್ನು ಯಾರೂ ಹಾಕಿರಲಿಲ್ಲ. ಬ್ರೇಕು ಹಾಕಿದಾಗ ಮೊಮ್ಮಗಳು ಉರುಳದಂತೆ ಎರಡೂ ಕೈಯಲ್ಲಿ ಹಿಡಿದದ್ದರಿಂದ ತಮ್ಮ ತಲೆಯನ್ನು ಕಾಪಾಡಿಕೊಳ್ಳಲು ಅವರಿಗೆ ಕೈ ಇರಲಿಲ್ಲ. ಮಗಳು ಕೂಗಲು ಹೋದಳಂತೆ. “ಅಪ್ಪ ಗಾಡಿ ಓಡಿಸ್ತಿದಾನೆ, ಗಾಬರಿ ಮಾಡಬೇಡ” ಎಂದು ಅಮ್ಮ ಅವಳ ಬಾಯಿ ಮುಚ್ಚಿಸಿದ್ದರು.

ನೆರಳಿನಲ್ಲಿ ಕೂರಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಓಡುತ್ತಿದ್ದ ಲೆಕ್ಕವೇ ಬೇರೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಯಾವುದಕ್ಕಾದರೂ ಬಡಿದು ಅರ್ಧ ಮೀಟರಿನಲ್ಲಿ ನಿಂತರೆ, ಒಳಗಿನವರ ಮೇಲೆ ಅವರ ತೂಕದ ಸುಮಾರು 20 ಪಟ್ಟು ಬಲ ಬೀಳುತ್ತದೆ. ನನ್ನ ಮಗಳ ತೂಕ 32 ಕಿಲೋ. ಅಂದರೆ 640 ಕಿಲೋ. ಅದನ್ನು ತಡೆಯುವ ಶಕ್ತಿ ಯಾವ ಅಜ್ಜಿಯ ತೋಳಿಗೂ ಇಲ್ಲ. ಬೆಲ್ಟು ತಡೆಯುತ್ತದೆ. ಹಿಂದೆ ಕೂತವರೂ ಬೆಲ್ಟು ಕಟ್ಟಬೇಕೆಂದು ಕಾನೂನು ಹೇಳುತ್ತದೆ. ಕಟ್ಟದಿದ್ದರೆ 2019ರ ತಿದ್ದುಪಡಿಯ ಪ್ರಕಾರ ಸಾವಿರ ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಈ 640ರ ಲೆಕ್ಕವೊಂದು ನೆನಪಿರಲಿ.

ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಹಿಂದಿನ ಸಾಲಿನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯ ಸಾಲು ಹಿಂದಿನ ಚಕ್ರಗಳ ಅಚ್ಚಿನ ಮೇಲೋ ಅದರ ಹತ್ತಿರವೋ ಇರುತ್ತದೆ. ಮುಂದಿನವರಿಗೆ ತಿಳಿಯದ ರಸ್ತೆಯುಬ್ಬು ಅಲ್ಲಿ ಕೂತವರನ್ನು ಎತ್ತಿ ಹಾಕುತ್ತದೆ. ಒಳಕಿವಿಯಲ್ಲಿ ನಮ್ಮ ಚಲನೆಯನ್ನು ಅರಿಯುವ ಅಂಗವಿದೆ. ‘ತಿರುಗುತ್ತಿದ್ದೇವೆ’ ಎಂದು ಅದು ಮಿದುಳಿಗೆ ಹೇಳುತ್ತದೆ. ಎದುರಿನ ಸೀಟಿನ ಬೆನ್ನನ್ನಷ್ಟೇ ನೋಡುತ್ತಿರುವ ಕಣ್ಣು ‘ನಿಂತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ದೂರದ ರಸ್ತೆ ಕಾಣುವ ಮುಂದಿನ ಸೀಟಿನಲ್ಲಿ ಕೂತರೆ ಜಗಳ ಬಹುಮಟ್ಟಿಗೆ ನಿಲ್ಲುತ್ತದೆ.

ಆದ್ದರಿಂದ ಚಾರ್ಮಾಡಿ ಘಾಟಿ ಇಳಿಯುವ ಮೊದಲು ಜಾಗ ಬದಲಾಯಿಸಿದೆವು. ಅಮ್ಮ ಮುಂದೆ ಬಂದರು. ಅಪ್ಪ ನಡುವಿನ ಸಾಲಿಗೆ ಹೋದರು. ಅಕ್ಕ ಮತ್ತು ಮಗ ಹಿಂದೆ ಹೋಗಿ, ಮೊದಲು ಬೆಲ್ಟು ಹುಡುಕಿ ಕಟ್ಟಿದರು, ಆಮೇಲೆ ಎ.ಸಿ. ಹಾಕಿಕೊಂಡರು.

ಘಾಟಿಯಲ್ಲಿ ಇನ್ನೊಂದು ಲೆಕ್ಕ ಇದೆ. ಏಳು ಜನ, ಸಾಮಾನು ಎಲ್ಲ ಸೇರಿ ಇಂಥ ಕಾರು ಸುಮಾರು 2,400 ಕಿಲೋ ತೂಗುತ್ತದೆ. ಅದು 100 ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 8 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಬರಿಯ ಬ್ರೇಕಿನಲ್ಲೇ ಇಳಿದರೆ ಆ ಶಾಖವನ್ನೆಲ್ಲ ಬ್ರೇಕೇ ನುಂಗಬೇಕು. ಅತಿಯಾಗಿ ಕಾದ ಬ್ರೇಕು ಹಿಡಿಯುವುದಿಲ್ಲ. ಗೇರನ್ನು ಕಡಿಮೆ ಮಾಡಿ ಇಂಜಿನ್ನಿಗೇ ಕಾರನ್ನು ಹಿಡಿದಿಡಲು ಬಿಡಬೇಕು. ಆಟೋಮ್ಯಾಟಿಕ್ ಕಾರುಗಳಲ್ಲೂ ಸಾಮಾನ್ಯವಾಗಿ ಇದಕ್ಕೆ ಅನುಕೂಲವಿರುತ್ತದೆ. ಅದು ಎಲ್ಲಿದೆ ಎಂದು ಮನೆಯ ಮುಂದೆಯೇ ನೋಡಿಕೊಂಡಿರಬೇಕು, ಘಾಟಿಯ ತಿರುವಿನಲ್ಲಿ ಹುಡುಕಬಾರದು. ಹೀಗೆ ಇಳಿದರೆ ಹಿಂದೆ ಕೂತವರಿಗೂ ಜಗ್ಗಾಟ ಕಡಿಮೆ.

ಮರುದಿನ ಹಿಂದಿರುಗುವಾಗ ಹಾಸನದಿಂದ ಹೆಂಡತಿ ಕಾರು ಓಡಿಸಿದಳು. ಮೂರನೆಯ ಸಾಲಿನಲ್ಲಿ ನಾನು ಕೂತೆ. ಮಂಡಿ ಎದೆಯ ಹತ್ತಿರ ಬಂತು. ಪಕ್ಕದ ಪುಟ್ಟ ಗಾಜು ತೆರೆಯುವಂಥದ್ದಲ್ಲ. ಹಾಡಿನ ಸ್ಪೀಕರ್ ಕಿವಿಯ ಪಕ್ಕದಲ್ಲೇ. “ಸ್ವಲ್ಪ ನಿಧಾನ ಹೋಗು” ಎಂದು ಎರಡು ಸಲ ಹೇಳಿದೆ, ಮುಂದೆ ಕೇಳಿಸಲಿಲ್ಲ. ಸ್ಟುಡಿಯೋದಲ್ಲಿ ಕೂತು ಕೆಲಸ ಮಾಡುವ ನನಗೆ ಆಗ ನಮ್ಮ ಟಾಕ್‌ಬ್ಯಾಕ್ ನೆನಪಾಯಿತು. ಯಾವ ಕ್ಯಾಮೆರಾದವರಿಂದ ಉತ್ತರ ಬರಲಿಲ್ಲವೋ ಅವರನ್ನು ಹೆಸರು ಹಿಡಿದು ಕೇಳದೆ ನಾವು ಕಾರ್ಯಕ್ರಮ ಶುರುಮಾಡುವುದಿಲ್ಲ. ಇಪ್ಪತ್ತು ವರ್ಷದ ಈ ಅಭ್ಯಾಸ ಹೆದ್ದಾರಿಯಲ್ಲಿ ನನಗೆ ನೆನಪಾಗಿರಲಿಲ್ಲ.

ತಾವೂ ಇಂಥ ಕಾರನ್ನು ಬಾಡಿಗೆಗೆ ತರುವುದಾದರೆ, ಕೀಲಿ ಕೈಗೆ ಬಂದ ಕೂಡಲೇ ಮೊದಲ ಐದು ನಿಮಿಷ ಮೂರನೆಯ ಸಾಲಿನಲ್ಲಿ ಕೂತು ನೋಡಿ. ಬೆಲ್ಟನ್ನು ಸಂದಿಯಿಂದ ಹೊರತೆಗೆಯಿರಿ, ಗಾಳಿಯ ಸ್ವಿಚ್ಚನ್ನು ಗುರುತಿಸಿ. ಸಲೀಸಾಗಿ ಹತ್ತಿ ಇಳಿಯಬಲ್ಲವರನ್ನು ಅಲ್ಲಿ ಕೂರಿಸಿ, ಪ್ರತಿ ನಿಲುಗಡೆಯಲ್ಲೂ ಜಾಗ ಬದಲಿಸಿ. ಆ ಸಾಲಿನ ಹಿಂದೆ ಸಾಮಾನಿಗೆ ಹೆಚ್ಚು ಜಾಗವಿರುವುದಿಲ್ಲ; ಕೂತವರ ತಲೆಯ ಮಟ್ಟಕ್ಕೆ ಚೀಲ ಪೇರಿಸಬೇಡಿ. ತುಂಬಿದ ಗಾಡಿಗೆ ಟೈರಿನಲ್ಲಿ ಎಷ್ಟು ಗಾಳಿ ಇರಬೇಕೆಂದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ, ಅಷ್ಟು ತುಂಬಿಸಿ. ಹೊರಡುವ ಮೊದಲು, ಜೋರಾಗಿ ಬ್ರೇಕು ಹಾಕಿದ ಮೇಲೆ, ಹಿಂದೆ ಕೂತವರನ್ನು ಹೆಸರು ಹಿಡಿದು ಕೇಳಿ. ಅವರ ಉತ್ತರ ಅವರ ಬಾಯಿಂದಲೇ ಬರಲಿ.

ಕೊನೆಗೆ ಒಂದು ಮಾತು. ಚಾರ್ಮಾಡಿಯ ತಿರುವುಗಳನ್ನು ನಿಧಾನವಾಗಿ ಇಳಿಯುತ್ತಿದ್ದಾಗ ಅಮ್ಮ ಮುಂದಿನ ಗಾಜಿನಿಂದ ಬೆಟ್ಟಗಳನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ, “ಎಷ್ಟು ಸಲ ಈ ದಾರೀಲಿ ಬಂದಿದೀನಿ. ಘಾಟಿ ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರಲಿಲ್ಲ ನೋಡು” ಎಂದರು. ಹಿಂದಿನ ಪ್ರಯಾಣಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಆ ಪ್ರತಿಯೊಂದರಲ್ಲೂ ಅವರು ಕೂತದ್ದು ಹಿಂದೆಯೇ.