ಡೆಲಿವರಿ ಚಾರ್ಜು ಯಾರ ತಲೆ ಮೇಲೆ?



ನಾವು ಸಂತೆಗೆ ಹೋಗ್ತೇವೆ. ಸೀರೆಯನ್ನು ಮುಟ್ಟಿ ನೋಡ್ತೇವೆ. ಸೆರಗು ಬಿಡಿಸಿ ನೋಡ್ತೇವೆ. ಚೌಕಾಸಿ ಮಾಡ್ತೇವೆ. ಆಮೇಲೆ ದುಡ್ಡು ಕೊಡ್ತೇವೆ. ಈಗ ಫೋನಿನಲ್ಲೇ ಅಂಗಡಿ ಬಂದಿದೆ. ಅಲ್ಲಿ ಮುಟ್ಟಿ ನೋಡಲು ಆಗುವುದಿಲ್ಲ. ಚೌಕಾಸಿಯೂ ಇಲ್ಲ. ಅಲ್ಲಿ ನಮ್ಮನ್ನು ಕಾಯುವುದು ನಾವು ಕಲಿತ ಓದು.

ಒಬ್ಬ ಅಕ್ಕ ಫೋನಿನಲ್ಲಿ ಹಸಿರು ಸೀರೆ ನೋಡಿದಳು ಎಂದು ಇಟ್ಟುಕೊಳ್ಳೋಣ. ಬೆಲೆ 400 ರೂಪಾಯಿ. ಮನೆಗೆ ತಲುಪಿಸಲು ಡೆಲಿವರಿ ಚಾರ್ಜು 60 ರೂಪಾಯಿ. ಒಟ್ಟು 460 ರೂಪಾಯಿ ಕಟ್ಟಿದಳು. ಸೀರೆ ಬಂತು. ಬಿಚ್ಚಿ ನೋಡಿದರೆ ಹಸಿರಲ್ಲ, ನೀಲಿ! ವಾಪಸ್ ಕಳಿಸಿದಳು. 400 ರೂಪಾಯಿ ಮಾತ್ರ ತಿರುಗಿ ಬಂತು.

"ಹೋಗಲಿ ಬಿಡು, 60 ರೂಪಾಯಿ ತಾನೆ" ಅಂದರು ಮನೆಯವರು. ಬಿಡಬೇಕೆ? ಬೇಡ. ಆ 60 ರೂಪಾಯಿ ಅಕ್ಕ ಬೆವರು ಸುರಿಸಿ ದುಡಿದದ್ದು. ತಪ್ಪು ಬಣ್ಣ ಕಳಿಸಿದ್ದು ಅಂಗಡಿಯವರು. ಅವರ ತಪ್ಪಿಗೆ ಅಕ್ಕ ಯಾಕೆ ದಂಡ ಕಟ್ಟಬೇಕು?

ನಮ್ಮ ಪರವಾಗಿ ಕಾನೂನು ಇದೆ. 2019ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂತು. 2020ರಲ್ಲಿ ಆನ್‌ಲೈನ್ ವ್ಯಾಪಾರಕ್ಕೆ ನಿಯಮಗಳು ಬಂದವು. ಅವು ಏನು ಹೇಳುತ್ತವೆ?

ಒಂದು: ವಸ್ತುವಿನ ಬೆಲೆ ಎಷ್ಟು, ತೆರಿಗೆ ಎಷ್ಟು, ಸಾಗಣೆ ಖರ್ಚು ಎಷ್ಟು ಎಂದು ಬಿಡಿಸಿ ತೋರಿಸಬೇಕು. ಮೊದಲು ಕಡಿಮೆ ಬೆಲೆ ತೋರಿಸಿ, ಕೊನೆಗೆ ಒಂದೊಂದೇ ಚಾರ್ಜು ಸೇರಿಸುವ ಮೋಸವನ್ನು ಸರ್ಕಾರ 2023ರಲ್ಲಿ ನಿಷೇಧಿಸಿತು.

ಎರಡು: ವಸ್ತು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ತೋರಿಸಿದ್ದೇ ಒಂದು ಕಳಿಸಿದ್ದೇ ಒಂದು ಆಗಿದ್ದರೆ, ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ಹಣ ಕೊಡಲ್ಲ ಅನ್ನುವ ಹಾಗೂ ಇಲ್ಲ.

ಮೂರು: ದೂರು ತಲುಪಿದೆ ಎಂದು ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಆದರೆ ಒಂದು ಮಾತು. ಸೀರೆ ಸರಿಯಾಗೇ ಬಂದಿದೆ, ನಮಗೇ ಮನಸ್ಸು ಬದಲಾಯಿತು ಅಂದರೆ? ಆಗ ಅಂಗಡಿಯವರ ಷರತ್ತಿನ ಪ್ರಕಾರ ನಡೆಯಬೇಕಾಗುತ್ತದೆ. ವಾಪಸ್ ಕಳಿಸುವ ಖರ್ಚು ಯಾರದು ಎಂದು ಅಲ್ಲೇ ಬರೆದಿರಬೇಕು. ಗುಂಡಿ ಒತ್ತುವ ಮೊದಲು ಅದನ್ನು ನಿಧಾನವಾಗಿ ಓದಿ. ಮಗನ ಕೈಗೆ ಫೋನು ಕೊಟ್ಟು ಸುಮ್ಮನೆ ಕೂರಬೇಡಿ.

ಬಿಲ್ಲು ಇಟ್ಟುಕೊಳ್ಳಿ. ಬಂದ ವಸ್ತುವಿನ ಫೋಟೋ ತೆಗೆಯಿರಿ. ದೂರನ್ನು ನೀವೇ ಬರೆಯಿರಿ. ಹೀಗೆ ಬರೆದರೆ ಸಾಕು:

"ನಾನು ಹಸಿರು ಸೀರೆ ಕೇಳಿದ್ದೆ. ನೀಲಿ ಸೀರೆ ಬಂತು. ನಾನು ಒಟ್ಟು 460 ರೂಪಾಯಿ ಕೊಟ್ಟಿದ್ದೇನೆ. 400 ಮಾತ್ರ ಬಂದಿದೆ. ಉಳಿದ 60 ರೂಪಾಯಿ ಕೊಡಿ."

ಕೆಳಗೆ ಆರ್ಡರ್ ನಂಬರು, ತಾರೀಕು, ನಿಮ್ಮ ಹೆಸರು ಬರೆಯಿರಿ.

ಕಂಪನಿಯವರು ಕೇಳದಿದ್ದರೆ 1915ಕ್ಕೆ ಫೋನು ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿ ಯಾವ ಊರಲ್ಲೇ ಇರಲಿ, ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಎಂದೂ ಇಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಕಟ್ಟಿದ ಹಣವನ್ನು ಬಡ್ಡಿ ಸಮೇತ ಕೊಡಿ ಎಂದು ಹೇಳುವ ಅಧಿಕಾರ ಆಯೋಗಕ್ಕೆ ಇದೆ.

ಇನ್ನೊಂದು ಎಚ್ಚರಿಕೆ. "ನಿಮ್ಮ ಹಣ ವಾಪಸ್ ಹಾಕ್ತೇವೆ, ಪಿನ್ ನಂಬರು ಒತ್ತಿ" ಎಂದು ಯಾರಾದರೂ ಫೋನು ಮಾಡಿದರೆ ಒತ್ತಬೇಡಿ. ಹಣ ಪಡೆಯಲು ಪಿನ್ ಬೇಕಿಲ್ಲ. ಹಣ ಕಳಿಸಲು ಮಾತ್ರ ಬೇಕು. ಮೋಸ ಹೋದರೆ ತಡ ಮಾಡದೆ 1930ಕ್ಕೆ ತಿಳಿಸಿ.

ಸಂತೆಯಲ್ಲಿ ಒಂದು ರೂಪಾಯಿ ಚಿಲ್ಲರೆಯನ್ನೂ ನಾವು ಎಣಿಸಿ ತೆಗೆದುಕೊಳ್ತೇವೆ. ಫೋನಿನ ಅಂಗಡಿಯಲ್ಲೂ ಹಾಗೇ ಮಾಡೋಣ. ಓದಿ ಕೊಳ್ಳೋಣ. ಬರೆದು ಕೇಳೋಣ.