ಪಾವಾಗಢದ ಬುಡದ ಊರು

ವಡೋದರಾದಿಂದ ಸುಮಾರು 50 ಕಿಲೋಮೀಟರ್ ಹೋದರೆ ಪಾವಾಗಢ ಬೆಟ್ಟ, ಅದರ ಬುಡದಲ್ಲಿ ಚಂಪಾನೇರ್ ಅನ್ನುವ ಹಳ್ಳಿ. ಹಳ್ಳಿಯೇನೋ ಸಣ್ಣದು, ಆದರೆ ಅಲ್ಲಿನವರ ಮನೆಗಳಿರುವುದು ಸುಲ್ತಾನನೊಬ್ಬನ ಅರಮನೆಕೋಟೆಯ ಗೋಡೆಯೊಳಗೆ! ನಮ್ಮ ಹಂಪಿ ಮೆರೆಯುತ್ತಿದ್ದ ಕಾಲದಲ್ಲೇ ಇದೂ ಮೆರೆಯಿತು. ಹಂಪಿಗಿಂತ 30 ವರ್ಷ ಮೊದಲೇ ಇದರ ಕಾಲ ಮುಗಿಯಿತು.

1484ರಲ್ಲಿ ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಪಾವಾಗಢವನ್ನು ಗೆದ್ದ. ರಾಜಧಾನಿಯನ್ನು ಅಹಮದಾಬಾದಿನಿಂದ ಇಲ್ಲಿಗೇ ತಂದ. ಮಸೀದಿ, ತೋಟ, ಕೆರೆ, ಬಾವಿ, ಎಲ್ಲ ಎದ್ದವು.

ಆಮೇಲೆ 1535. ಮೊಗಲ್ ಬಾದಶಹ ಹುಮಾಯೂನ್ ಬಂದು ಕೋಟೆಗೆ ಮುತ್ತಿಗೆ ಹಾಕಿ ಕೂತ, ಕೋಟೆ ಬಗ್ಗಲಿಲ್ಲ. ಒಂದು ದಿನ ಕಾಡಿನಿಂದ ಒಂದಷ್ಟು ಜನ ಹೊರಬರುವುದು ಅವನ ಕಣ್ಣಿಗೆ ಬಿತ್ತು. ಹಿಡಿದು ವಿಚಾರಿಸಿದರೆ, ಕೋಟೆಯವರಿಗೆ ಕದ್ದುಮುಚ್ಚಿ ದವಸ, ತುಪ್ಪ ಮಾರಿ ಬಂದವರು! ಮಾರಿದ ಜಾಗವೆಂದು ಅವರು ತೋರಿಸಿದ್ದು ನೆಟ್ಟಗೆ ನಿಂತ ಬಂಡೆಯನ್ನು. ಹುಮಾಯೂನ್ ಅದಕ್ಕೆ ಕಬ್ಬಿಣದ ಗೂಟ ಹೊಡೆಸಿ, ರಾತ್ರಿ ಒಬ್ಬೊಬ್ಬರನ್ನೇ ಹತ್ತಿಸಿದ. 39 ಮಂದಿ ಹತ್ತಿದ ಮೇಲೆ ತಾನೇ ಹೊರಟ. ಅವನ ಸರದಾರ ಬೈರಾಮ್ ಖಾನ್ ತಡೆದು, ತಾನು ಮುಂದೆ ಹತ್ತಿದ. 41ನೆಯವನಾಗಿ ಬಾದಶಹ! ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದಿಟ್ಟ ಕಥೆ ಇದು. ಆ ಬೆಟ್ಟವನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಆ ಬಂಡೆ ಯಾವುದಿರಬಹುದು ಅಂತಲೇ ಹುಡುಕುತ್ತದೆ.

ಕೋಟೆ ಬಿದ್ದ ಮೇಲೆ ರಾಜಧಾನಿ ಮತ್ತೆ ಅಹಮದಾಬಾದಿಗೆ ಹೋಯಿತು, ಚಂಪಾನೇರಿಗೆ ಕಾಡು ನುಗ್ಗಿತು. ಊರು ಉಳಿದದ್ದೇ ಅದರಿಂದ. ಅಹಮದಾಬಾದ್, ಸೂರತ್‌ಗಳಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುತ್ತಲೇ ಬಂದರು. ಇಲ್ಲಿ ಕಟ್ಟುವವರೇ ಇರಲಿಲ್ಲ. ಹಾಗಾಗಿ ಮೊಗಲರಿಗಿಂತ ಹಿಂದಿನ ಒಂದು ಇಡೀ ನಗರ ಇದ್ದಹಾಗೇ ಉಳಿಯಿತು.

1970ರ ದಶಕದಲ್ಲಿ ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಆರ್. ಎನ್. ಮೆಹ್ತಾ ಇಲ್ಲಿ ಅಗೆಸಿದರು. ಒಬ್ಬ ಅಮೀರನ ಮನೆ, ಅದರ ತೋಟ, ತೋಟದ ನೀರಿನ ಕಾಲುವೆ ಬೆಳಕಿಗೆ ಬಂದವು. ಆಮೇಲೆ ವಡೋದರಾದ ವಾಸ್ತುಶಿಲ್ಪಿ ಕರಣ್ ಗ್ರೋವರ್ ಮತ್ತು ಅಲ್ಲಿನ ಹೆರಿಟೇಜ್ ಟ್ರಸ್ಟ್ ವರ್ಷಾನುಗಟ್ಟಲೆ ಪಟ್ಟುಬಿಡದೆ ಓಡಾಡಿ, 2004ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಊರನ್ನು ಸೇರಿಸಿದರು.

ಟ್ರಸ್ಟ್ ಗುರುತಿಸಿದ ಕಟ್ಟಡಗಳು 114. ಆಗ ಪುರಾತತ್ವ ಇಲಾಖೆಯ ಆರೈಕೆಯಲ್ಲಿದ್ದದ್ದು 39 ಮಾತ್ರ. ಇದು ನನ್ನನ್ನು ಕೊರೆಯುತ್ತದೆ. ಜಾಮಿ ಮಸೀದಿಗೆ ಕಾವಲುಗಾರನಿದ್ದಾನೆ, ಹುಲ್ಲುಹಾಸಿದೆ. ಕಾಡಿನಲ್ಲಿ ಬೇರು ಸೀಳುತ್ತಿರುವ ಮನೆಯ ಜಗಲಿಗೆ, ಬಾವಿಕಟ್ಟೆಗೆ ಯಾರಿದ್ದಾರೆ? ಮಸೀದಿಗಳನ್ನಷ್ಟೇ ಉಳಿಸಿಕೊಂಡರೆ ನಗರ ಉಳಿದಂತಾಗುವುದಿಲ್ಲ.

ಕೋಟೆಯೊಳಗಿನ ಜನರ ಮಾತೂ ಇದೆ. 2011ರಲ್ಲಿ ಹಂಪಿ ಬಜಾರಿನ ಮನೆಗಳನ್ನು ಕೆಡವಿದ್ದು ನಿಮಗೆ ನೆನಪಿರಬಹುದು. ಚಂಪಾನೇರಿನಲ್ಲಿ ಹಾಗಾಗಬಾರದು. ಗೋಡೆ ಕುಸಿದರೆ ಮೊದಲು ತಿಳಿಯುವುದು ಅದರ ನೆರಳಲ್ಲಿ ಮಲಗುವವರಿಗೆ. ಗಾರೆ ಹಚ್ಚುವ, ಬೇರು ಕೀಳುವ ಕೆಲಸ ಅವರ ಕೈಗೇ ಸಿಗಬೇಕು, ಅದರ ಕೂಲಿಯೂ ಅವರಿಗೇ ಸೇರಬೇಕು.

ಬೆಟ್ಟದ ಮೇಲಿನ ಕಾಳಿಕಾ ಮಾತೆಯ ದರ್ಶನಕ್ಕೆ ಬರುವ ಬಹಳ ಮಂದಿ ನೇರ ರೋಪ್‌ವೇ ಹತ್ತಿಬಿಡುತ್ತಾರೆ. ನೀವು ಹೋದರೆ ಅರ್ಧ ದಿನ ಕೆಳಗೇ ಇರಿ. ಬೆಟ್ಟಕ್ಕೆ ಹೋಗುವ ದಾರಿಯ ಪಕ್ಕದಲ್ಲೇ ಸುರುಳಿ ಮೆಟ್ಟಿಲಿನ ಬಾವಿಯೊಂದಿದೆ, ಅದನ್ನು ಮಾತ್ರ ಬಿಡಬೇಡಿ.