ಕೆರೆಯ ಹಾವನ್ನು ಕಂಡಾಗ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪುಗಳನ್ನು ಹೇಳಿ ಎಂದು ಸಮಿತಿಯವರು ಕೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಹತ್ತು ಜನ ಇದ್ದಾರೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿಕೊಂಡು ಬಂದ ನಾನು ನಮ್ಮ ಕೆರೆಯ ನೀರುಹಾವಿನ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣವಿದೆ. ಹೋದ ಮಳೆಗಾಲ ನಾಟಿ ಹಾಕುವಾಗ ನಮ್ಮ ಬಂಧುಗಳಲ್ಲೇ ಒಬ್ಬ ಹೆಣ್ಣುಮಗಳಿಗೆ ಗದ್ದೆ ಬದುವಿನಲ್ಲಿ ಹಾವು ಕಚ್ಚಿತು. ‘ನೀರಲ್ಲಿದ್ದದ್ದು, ನೀರಾವೇ ಇರಬೇಕು’ ಎಂದು ಅರಿಶಿನ ಹಚ್ಚಿ ಮನೆಯಲ್ಲೇ ಉಳಿಸಿಕೊಂಡರು. ಸಂಜೆಗೆ ಕಾಲು ಊದಿ, ಒಸಡಿನಲ್ಲಿ ರಕ್ತ ಬಂತು. ಕಚ್ಚಿದ್ದು ಕೊಳಕುಮಂಡಲ. ಡಯಾಲಿಸಿಸ್ ಆಗಿ, ತಿಂಗಳ ಮೇಲೆ ಮನೆಗೆ ಬಂದರು. ಅದೇ ವಾರ ಕೆರೆ ಏರಿಯ ಮೇಲೆ ಹುಡುಗರು ‘ಮಂಡಲ, ಮಂಡಲ’ ಎಂದು ಕೂಗುತ್ತಾ ಎರಡು ಹಾವು ಹೊಡೆದಿದ್ದರು. ಹೋಗಿ ನೋಡಿದೆ. ಎರಡೂ ಬಡಪಾಯಿ ನೀರುಹಾವು.

ನಾವು ನೀರಾವು ಎನ್ನುವುದನ್ನು ಬೇರೆ ಕಡೆ ನೀರೊಳ್ಳೆ, ಬರೀ ಒಳ್ಳೆ ಎಂದೂ ಕರೆಯುತ್ತಾರೆ. ಪುಸ್ತಕದಲ್ಲಿ ಚೆಕರ್ಡ್ ಕೀಲ್‌ಬ್ಯಾಕ್. 1799ರಲ್ಲಿ ಅದಕ್ಕೆ ‘ಪಿಸ್ಕೇಟರ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಮೀನುಗಾರ ಎಂದರ್ಥ. ನಮ್ಮ ಕೆರೆಯಲ್ಲಿ ಇದು ಮೀನಿಗಿಂತ ಹೆಚ್ಚಾಗಿ ಕಪ್ಪೆ ಹಿಡಿಯುವುದನ್ನೇ ನಾನು ಕಂಡಿದ್ದೇನೆ, ಅದಿರಲಿ.

ನೋಡಬೇಕೆಂದರೆ ಎಲ್ಲಿ ನೋಡಬೇಕು? ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ತೂಬಿನ ಹತ್ತಿರದ ಕಲ್ಲುಗಳ ಮೇಲೆ, ಕೋಡಿಯ ಕೆಳಗಿನ ಜೊಂಡಿನಲ್ಲಿ. ಮೊದಲು ನೀರಿನ ಅಂಚನ್ನು ನೋಡಿ. ಹೆಬ್ಬೆರಳಿನಷ್ಟು ತಲೆ ಮಾತ್ರ ಮೇಲಿದ್ದು, ಮೈಯೆಲ್ಲ ನೀರಿನೊಳಗೆ ಇರುತ್ತದೆ. ಕಪ್ಪೆ ವಟಗುಟ್ಟುವ ರಾತ್ರಿ ಕಾಲುವೆ ಬದಿಯಲ್ಲಿ ಬ್ಯಾಟರಿ ಹಿಡಿದು ನಿಂತರೆ ಒಂದಾದರೂ ಸಿಗುತ್ತದೆ. ಬರಿಗಾಲಲ್ಲಿ ಹೋಗಬೇಡಿ, ಏರಿಯ ಪೊಟರೆಗೆ ಕೈ ಹಾಕಬೇಡಿ. ಮೊಟ್ಟೆ ಇಡುವುದೂ ಅಂಥ ಪೊಟರೆಗಳಲ್ಲೇ, ಒಂದು ಸಲಕ್ಕೆ ಹತ್ತಾರು ಮೊಟ್ಟೆ. ಏರಿ ದುರಸ್ತಿ ಎಂದು ಕಲ್ಲಿನ ಸಂದಿಗೆಲ್ಲ ಸಿಮೆಂಟು ಮೆತ್ತುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ಗುರುತು. ಮೈಮೇಲೆ ಚದುರಂಗದ ಹಲಗೆಯಂತೆ ಸಣ್ಣ ಸಣ್ಣ ಕಪ್ಪು ಚೌಕ, ಸಾಲುಸಾಲಾಗಿ. ಆದರೆ ಬಣ್ಣವನ್ನು ಪೂರ್ತಿ ನಂಬಬೇಡಿ. ಕೆಲವು ಹಳದಿ, ಕೆಲವು ಹಸಿರುಗಂದು, ಕೆಲವಕ್ಕೆ ಚೌಕ ಕಾಣಿಸುವುದೇ ಇಲ್ಲ. ನಾನು ನಂಬುವುದು ಮುಖವನ್ನು. ಕಣ್ಣಿನ ಕೆಳಗೊಂದು, ಕಣ್ಣಿನ ಹಿಂದಿನಿಂದ ಬಾಯಿಯ ಮೂಲೆಯ ಕಡೆಗೊಂದು, ಹೀಗೆ ಎರಡು ಓರೆ ಕಪ್ಪು ಗೀರು, ಕಾಡಿಗೆ ಸೋರಿದ ಹಾಗೆ. ಮಂಡಲಕ್ಕಾದರೆ ಬೆನ್ನ ಮೇಲೆ ಸರಪಳಿಯಂತೆ ದೊಡ್ಡ ದೊಡ್ಡ ಅಂಡಾಕಾರದ ಮಚ್ಚೆ, ಮೂರು ಸಾಲು, ಪ್ರತಿ ಮಚ್ಚೆಗೂ ಕಪ್ಪು ಅಂಚು. ತಲೆ ತ್ರಿಕೋನ, ಕತ್ತು ಸಣ್ಣ, ಮೈ ದಪ್ಪ, ಬಾಲ ಮೋಟು. ಹುರುಪೆಯ ಮೇಲೆ ಏಣು ಇದ್ದರೆ ನೀರುಹಾವು ಎಂದು ಕೆಲವರು ಮಕ್ಕಳಿಗೆ ಹೇಳಿಕೊಡುತ್ತಾರೆ. ಮಂಡಲದ ಹುರುಪೆಗೂ ಏಣಿದೆ. ಆ ಗುರುತು ಬೇಡ.

ನಡತೆಯೂ ಬೇರೆ. ನೀರುಹಾವು ಹೆಜ್ಜೆ ಸಪ್ಪಳಕ್ಕೆ ಪುಳಕ್ಕೆಂದು ನೀರಿಗೆ ಬೀಳುತ್ತದೆ. ಮಂಡಲ ಇದ್ದಲ್ಲೇ ಸುರುಳಿ ಸುತ್ತಿ ಕುಕ್ಕರಿನ ಹಾಗೆ ಬುಸುಗುಡುತ್ತದೆ. ನೀರುಹಾವನ್ನು ಮೂಲೆಗೆ ಒತ್ತಿದರೆ ಅದೂ ಮುಂಭಾಗ ಎತ್ತಿ ಕತ್ತು ಚಪ್ಪಟೆ ಮಾಡುತ್ತದೆ. ಜನ ನಾಗರವೆಂದು ಕೈ ಮುಗಿದದ್ದೂ ಉಂಟು, ಹೊಡೆದದ್ದೂ ಉಂಟು. ಹಿಡಿದರೆ ಕಚ್ಚುತ್ತದೆ, ರಕ್ತ ಬರುತ್ತದೆ, ವಿಷವಿಲ್ಲ.

ಕೆರೆಯಲ್ಲಿ ಇನ್ನೆರಡು ಇವೆ. ಆಲಿವ್ ಕೀಲ್‌ಬ್ಯಾಕ್ ಮೇಲೆ ಮಾಸಲು ಹಸಿರು, ಹೊಟ್ಟೆ ಹಳದಿ, ಮೈಮೇಲೆ ಚೌಕಗಳಿಲ್ಲ, ಮೂಗಿನ ಹೊಳ್ಳೆ ಮೇಲುಗಡೆಗೆ. ಹುಲ್ಲಿನಲ್ಲಿ ಕಾಣುವ ಸಣ್ಣ ಹಾವು, ಬೆನ್ನುದ್ದಕ್ಕೂ ಎರಡು ತಿಳಿಹಳದಿ ಪಟ್ಟೆಯದು, ಬಹಳ ಸಾಧು. ಎರಡಕ್ಕೂ ನಮಗೆ ಅಪಾಯ ಮಾಡುವ ವಿಷವಿಲ್ಲ.

ನಮ್ಮ ಶಾಲೆಯಲ್ಲಿ ಓದಿ ಕೆಲಸಕ್ಕೋ ಮದುವೆಯಾಗಿಯೋ ಕರಾವಳಿಗೆ ಹೋದವರು ಇಲ್ಲಿ ಬಹಳ ಜನ ಇದ್ದೀರಿ. ನಿಮಗೆ ಬೇರೆ ಲೆಕ್ಕ. ಅಳಿವೆಯ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ನಾಯಿಮೂತಿಯ ನೀರುಹಾವಿದೆ. ಮೊಟ್ಟೆಯಿಡದೆ ಮರಿ ಹಾಕುತ್ತದೆ, ವಿಷ ಸೌಮ್ಯ. ಆದರೆ ಬಲೆಯಲ್ಲಿ ಬಂದ ಹಾವಿನ ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ ಇದ್ದರೆ ಅದು ಕಡಲಹಾವು. ಕೈಯಿಂದ ಬಿಡಿಸಲೇಬೇಡಿ, ಅದರ ವಿಷ ಕೊಲ್ಲುತ್ತದೆ.

ಈ ಗುರುತುಗಳೆಲ್ಲ ದೂರದಿಂದ ನೋಡುವಾಗ, ಹೊಡೆಯಲು ಎತ್ತಿದ ಕೋಲನ್ನು ಇಳಿಸುವುದಕ್ಕೆ. ಕಚ್ಚಿದ ಮೇಲೆ ಇವು ಉಪಯೋಗಕ್ಕಿಲ್ಲ. ಎಲ್ಲ ಹಾವಿಗೂ ಈಜು ಬರುತ್ತದೆ, ಮಂಡಲವೂ ಕಪ್ಪೆ ಇಲಿಗಾಗಿ ಗದ್ದೆಗೆ ಇಳಿಯುತ್ತದೆ. ಹಲ್ಲಿನ ಗುರುತು ಎಣಿಸುತ್ತಾ ಕೂರಬೇಡಿ, ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಹಾವನ್ನು ಹುಡುಕಿಕೊಂಡು ಹೋಗಬೇಡಿ. ಕೈಕಾಲು ಅಲುಗಾಡದ ಹಾಗೆ ಮಲಗಿಸಿ ಪ್ರತಿವಿಷ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುತ್ತದೆ. ಯಾವುದು ಕಚ್ಚಿತು ಎಂದು ನೀವು ಹೇಳಲಾಗದಿದ್ದರೂ ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ.

1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನೀರುಹಾವನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಮೀನು ಹಿಡಿಯುವ ಅಣ್ಣಂದಿರಲ್ಲಿ ಒಂದು ಕೋರಿಕೆ: ಹರಿದ ನೈಲಾನ್ ಬಲೆಯನ್ನು ಕೆರೆಯಲ್ಲೇ ಬಿಡಬೇಡಿ. ಈ ಹಾವುಗಳು ಅದರಲ್ಲಿ ಸಿಕ್ಕಿಕೊಂಡು, ಉಸಿರಿಗೆ ಮೇಲೆ ಬರಲಾರದೆ ಸಾಯುತ್ತವೆ.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಒಂಬತ್ತನೇ ತರಗತಿಯ ಮಕ್ಕಳ ಜೊತೆ ತೂಬಿನ ಹತ್ತಿರ ಇರುತ್ತೇನೆ. ಬರುವವರು ಬೂಟು ಹಾಕಿಕೊಂಡು ಬನ್ನಿ, ಕೋಲು ತರಬೇಡಿ. ಬೈನಾಕ್ಯುಲರ್ ನನ್ನ ಹತ್ತಿರ ಎರಡಿವೆ.